ಗವಿಸಿದ್ದಪ್ಪನ ಗುಂಡು

ಕೊಟ್ರಬಸಪ್ಪನವರ ಫಜೀತಿ ಶುರುವಾದದ್ದು ಒಂದು ಕಲ್ಲಿನಿಂದ. ಬಳ್ಳಾರಿಯಲ್ಲಿ ಕ್ಲರ್ಕಾಗಿ ನಿವೃತ್ತರಾದ ಮೇಲೆ ಅವರು ಮನೆತನದ ಚರಿತ್ರೆ ಬರೆಯಲು ಕೂತರು. ಮುತ್ತಜ್ಜ ಗವಿಸಿದ್ದಪ್ಪ ಬಾದನಹಟ್ಟಿಯ ಪೈಲ್ವಾನ, ಊರ ಗುಂಡುಕಲ್ಲು ಎತ್ತಿದ್ದಕ್ಕೇ ಅದಕ್ಕೆ ಅವನ ಹೆಸರು ಬಂತು ಎಂದು ಮೊದಲ ಅಧ್ಯಾಯವನ್ನೂ ಮುಗಿಸಿಬಿಟ್ಟರು. ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದ ಚಿಕ್ಕಪ್ಪನ ಮಗ ಸಂಗಮೇಶ್ ಒಪ್ಪಬೇಕಲ್ಲ!

"ಯಣ್ಣಾ, ನಮ್ಮ ಮೂಲ ಸಿರಿಗೇರಿ. ಸಂಜಿವಳಗ ಬಾದನಹಟ್ಟಿಗೆ ಪುರಾವಿ ತರದಿದ್ರ ಪ್ರೆಸ್ಸಿಗೆ ಸಿರಿಗೇರಿ ಅಂತಾನಾ ಕೊಡ್ತೀನಿ."

ಕುರುಗೋಡಿನಲ್ಲಿ ಬಸ್ಸಿಳಿದು, ಆಟೊ ಹಿಡಿದು ಬಾದನಹಟ್ಟಿ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಟ್ಟೆಯ ಮೇಲಿದ್ದವರಿಗೆ ಗವಿಸಿದ್ದಪ್ಪ ಯಾರೋ ಗೊತ್ತಿಲ್ಲ. ಕಲ್ಲು ಮಾತ್ರ ಗೊತ್ತಿತ್ತು. ಗುಡಿ ಮುಂದಿನ ಬೇವಿನ ಮರದಡಿ ಅದು ಉಂಡು ಕೂತ ಬೀಗರಂತೆ ಆರಾಮಾಗಿತ್ತು.

ಫೋಟೊ ತೆಗೆಯಲು ಹೋದರೆ ಪಂಚಾಯ್ತಿ ಮೆಂಬರು ಹನುಮೇಶ್ ಅಡ್ಡ ನಿಂತ.

"ಫೋಟೊ ಯಾರಾದ್ರೂ ಹೊಡೀತಾರ್ರಿ. ಪೈಲ್ವಾನನ ಮರಿಮಗ ಅಂದ್ರ ಎತ್ರಿ ನೋಡಾನ."

"ಅಯ್ಯೋ, ನನಗ ಅರವತ್ತೆರಡು ರೀ!"

"ರಕ್ತಕ್ಕ ವಯಸ್ಸೈತೇನ್ರಿ? ಮೊದ್ಲು ವಗ್ಗರಣಿ-ಮಿರ್ಚಿ ತಿನ್ರಿ, ಆಮ್ಯಾಲ ಎತ್ರಿ."

ಎರಡು ಪ್ಲೇಟು ಮಂಡಕ್ಕಿ ವಗ್ಗರಣಿ, ಆರು ಮಿರ್ಚಿ ಬಜ್ಜಿ ಒಳಗೆ ಹೋಗುವಷ್ಟರಲ್ಲಿ ಊರೇ ಸೇರಿತು. ಯಾರೋ ವಿಡಿಯೊ ಶುರು ಮಾಡಿದರು. ಈಗ ಓಡಿದರೆ ಮುತ್ತಜ್ಜ ಸಿರಿಗೇರಿ ಪಾಲು! ಕೊಟ್ರಬಸಪ್ಪನವರು ಪ್ಯಾಂಟು ಮಡಚಿ, "ಬಸವಾ!" ಎಂದು ಕಲ್ಲನ್ನು ತಬ್ಬಿದರು. ಅದು ಒಂದು ಗೇಣು ಎದ್ದಿತು. ಮರುಕ್ಷಣ ಜಾರಿ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು.

"ಯಪ್ಪೋ, ಸತ್ತೆ!"

ಚೀರಾಟ ಕೇಳಿ, ತೊಂಬತ್ತು ದಾಟಿದ ಗಾದೆಮ್ಮ ಕೋಲೂರುತ್ತ ಬಂದಳು. ಊದಿದ ಬೆರಳನ್ನು ನೋಡಿದವಳೇ ಅವರ ಗದ್ದ ಹಿಡಿದು ಅತ್ತುಬಿಟ್ಟಳು.

"ನಮ್ಮ ಗವಿಸಿದ್ದಪ್ಪನ ಕುಡಿನಾ ಇದು! ನಮ್ಮವ್ವ ಹೇಳ್ತಿದ್ಲು, ಆ ಯಪ್ಪನೂ ಮಂದಿ ಉಬ್ಬಿಸಿದ್ರು ಅಂತ ಎತ್ತಾಕ ಹೋಗಿ ಇದಾ ಕಾಲಿನ ಮ್ಯಾಲ ಕೆಡವಿಕ್ಯಂಡ. ನಾಚಿಕಿಗೆ ಊರಾ ಬಿಟ್ಟ."

"ಹಂಗಾದ್ರ ಎತ್ತಿಲ್ಲೇನವ್ವಾ?"

"ಎಲ್ಲಿ ಎತ್ತಿದ್ನಪ್ಪಾ! ಯಾರ ಕಾಲಿನ ಮ್ಯಾಲ ಬಿದ್ರ ಅವರ ಹೆಸರು ಅಂತ ಹಳೇ ಮಂದಿ ಪದ್ಧತಿ. ಇವತ್ತಿಂದ ಇದು ಕೊಟ್ರಬಸಪ್ಪನ ಗುಂಡು!"

ಚಪ್ಪಾಳೆ ಬಿತ್ತು. ಹೋಗಲಿ, ಬೆರಳು ಮುರಿದಿರಲಿಲ್ಲ, ಊರಂತೂ ಸಿಕ್ಕಿತ್ತು. ಅಬ್ಬಾ, ಬದುಕಿದೆ ಎಂದು ಉಸಿರು ಬಿಟ್ಟು ಕೊಟ್ರಬಸಪ್ಪನವರು ಫೋನ್ ಹಚ್ಚಿದರು.

"ಸಂಗಮೇಶ, ಪುರಾವಿ ಸಿಕ್ಕೈತಿ. ಬಾದನಹಟ್ಟಿ ಅಂತಾನಾ ಹಾಕು. ಮೊದಲನೇ ಅಧ್ಯಾಯ ಮಾತ್ರ ಬ್ಯಾಡ."

"ಆತು ಬಿಡಣ್ಣ, ವಿಡಿಯೊ ನನಗೂ ಬಂತು. ಅದರಾಗ ನೀ ಬಾಯಿ ತಗದಿದ್ದ ಫೋಟೊನಾ ಮುಖಪುಟಕ್ಕ ಕೊಟ್ಟು ಬಂದೀನಿ."