ಓಟು ಕೇಳಿದಾಕಿ ಕಪಾಟಿನ್ಯಾಗ

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಒಂದು ಪುಸ್ತಕ ಕೈಯಲ್ಲಿ ಹಿಡಿದುಕೊಂಡು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಸುಮ್ಮನೆ ಒಂದು ಸುತ್ತು ಹಾಕಿ ನೋಡಿ. ನೀವಾಗಿ ಏನೂ ಮಾಡಬೇಕಾಗಿಲ್ಲ. ನಗೆಪಾಟಲಿನ ಸಂಗತಿಗಳು ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಎದುರಿಗೆ ಬರುತ್ತವೆ.

ನನ್ನ ಕೆಲಸವೇ ಅದು. ಒಂದು ಸಣ್ಣ ಸಂಸ್ಥೆಯ ಪರವಾಗಿ ಹಳ್ಳಿ ಸಾಲಿಗಳಿಗೆ ಮಕ್ಕಳ ಪುಸ್ತಕದ ಪೆಟ್ಟಿಗೆ ಕೊಟ್ಟು ಬರುವುದು, ಆಮೇಲೆ ಹೋಗಿ ಮಕ್ಕಳು ಓದಿದರೋ ಇಲ್ಲವೋ ನೋಡುವುದು. ಓದಿದ್ದರೆ ಪೆಟ್ಟಿಗೆ ಅಲ್ಲೇ ಇರುತ್ತದೆ. ಓದಿಲ್ಲವೆಂದರೆ ಬೇರೆ ಸಾಲಿಗೆ ಹೋಗುತ್ತದೆ. ಇಷ್ಟೇ ನಿಯಮ. ನಾನು ಇಂಡಿಯಲ್ಲಿ ಇಂಗ್ಲಿಷ್ ಮೀಡಿಯಂ ಕಲಿತವಳು, ಮೇಲಾಗಿ ಮಾತು ಕಡಿಮೆ. ಹೀಗಾಗಿ ಜನ ನನ್ನ ಮುಂದೆ ಯಾವ ಮುಲಾಜೂ ಇಲ್ಲದೆ ಮಾತಾಡುತ್ತಾರೆ. ಗೋಡೆಯ ಮುಂದೆ ಮಾತಾಡಿದ ಹಾಗೆ.

ಹೊಸಾದು ಹೊಸಾದಾಗಿಯೇ ಇರಬೇಕು

ಸಿಂದಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಸಾಲಿಗೆ ಪೆಟ್ಟಿಗೆ ಕೊಟ್ಟ ದಿನ ಮಕ್ಕಳು ಪುಸ್ತಕಗಳ ಮೇಲೆ ಬಿದ್ದರು. ಏಳನೇ ಇಯತ್ತೆಯ ಒಬ್ಬ ಹುಡುಗಿ ಒಂದು ಚಿತ್ರದ ಪುಸ್ತಕ ಹಿಡಿದು ಮೂಲೆಗೆ ಕುಳಿತಳು. ಹೆಂಗಸರಿಗೂ ಓಟು ಬೇಕು ಎಂದು ಕೇಳಿ ಜೈಲಿಗೆ ಹೋದ ಒಬ್ಬ ಹೆಣ್ಣುಮಗಳ ಕಥೆ ಅದು. ಪೊಲೀಸರು ಆಕೆಯನ್ನು ಒಳಗೆ ಹಾಕಿ ಬಾಗಿಲು ಹಾಕುವ ಪುಟಕ್ಕೆ ಹುಡುಗಿ ಬಂದಿದ್ದಳಷ್ಟೇ, ಗಂಟೆ ಹೊಡೆಯಿತು. ಹೆಡ್‌ಮಾಸ್ತರರು ಪುಸ್ತಕಗಳನ್ನೆಲ್ಲ ಇಸಿದುಕೊಂಡು, ಕರವಸ್ತ್ರದಿಂದ ಒರೆಸಿ, ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ನಾನು ಮತ್ತೆ ಹೋದಾಗ ಕಪಾಟು ಹಾಗೆಯೇ ಇತ್ತು. ಕೀಲಿಯ ಮೇಲೆ ಅರಿಶಿನ ಕುಂಕುಮ ಬೇರೆ.

"ಮಕ್ಕಳು ಓದಿದ್ರಾ ಸರ್?"

"ನೋಡ್ರಿ ಮೇಡಂ, ಹೆಂಗ ಇಟ್ಟೇನಿ!" ಎಂದು ಗಾಜು ಬಡಿದು ತೋರಿಸಿದರು. "ಒಂದರ ಕಿವಿ ಮಡಚಿಲ್ಲ, ಒಂದರ ಮ್ಯಾಲ ಕೈ ಡಾಗ ಇಲ್ಲ. ಬ್ಯಾರೆ ಸಾಲ್ಯಾಗ ಹೋಗಿ ನೋಡ್ರಿ, ಹುಡುಗ್ರು ಓದಿ ಓದಿ ಹೊಲಸ ಮಾಡಿಟ್ಟಿರ್ತಾವ."

ಓದಲಿಕ್ಕೇ ಅಲ್ಲವೇ ಕೊಟ್ಟದ್ದು ಎಂದು ಹೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು "ಹೌದ್ರಿ ಸರ್" ಅಷ್ಟೇ.

ಹೊರಗೆ ಆ ಹುಡುಗಿ ಕಾದು ನಿಂತಿದ್ದಳು. "ಅಕ್ಕಾರ, ಆಕಿ ಇನ್ನೂ ಜೈಲಿನ್ಯಾಗ ಅದಾಳ."

"ಮುಂದ ಏನಾತು ನಾ ಹೇಳ್ಲಾ?"

ಎರಡೂ ಕಿವಿ ಮುಚ್ಚಿಕೊಂಡಳು. "ಹೇಳಬ್ಯಾಡ್ರಿ! ನಾನ ಓದಿ ಬಿಡಿಸ್ಕೊಂಡು ಬರ್ತೇನಿ. ನೀವು ಪೆಟಿಗಿ ಒಂದ ಒಯ್ಯಬ್ಯಾಡ್ರಿ."

ಒಳಗಿನಿಂದ ಹೆಡ್‌ಮಾಸ್ತರರ ದನಿ ಕೇಳಿಸಿತು: "ಏ, ಕಪಾಟಿನ ಗಾಜಿಗೆ ಮೂಗು ಹಚ್ಚಿ ನೋಡಿದಾಕಿ ನೀನ ಹೌದಲ್ಲ? ಒರಸ ಬಾ!"

ಅಧ್ಯಕ್ಷರ ಹೆಂಡತಿ

ಆ ಊರಿನ ಪಂಚಾಯಿತಿಗೆ ಹೆಣ್ಣುಮಗಳೇ ಅಧ್ಯಕ್ಷೆ. ಆಕೆಗೆ ಹೇಳಿದರೆ ಕಪಾಟು ತೆರೆಸಿಯಾಳು ಎಂಬ ಭೋಳೆತನದಿಂದ ಮನೆಗೆ ಹೋದೆ. ಪಡಸಾಲೆಯ ಗೋಡೆಗೆ ಆಕೆಯ ಹೆಸರಿನ ಬೋರ್ಡು, ಬೋರ್ಡಿನ ಕೆಳಗೆ ದೊಡ್ಡ ಕುರ್ಚಿ, ಕುರ್ಚಿಯಲ್ಲಿ ಹುರಿ ಮಾಡಿದ ಮೀಸೆ.

"ಬರ್ರಿ, ಬರ್ರಿ. ನಾನ ಅಧ್ಯಕ್ಷ."

ನಾನು ಬೋರ್ಡು ನೋಡಿದೆ, ಮೀಸೆ ನೋಡಿದೆ. ಅವರಿಗೆ ಅರ್ಥವಾಯಿತು. "ಹೆಸರು ನಮ್ಮ ಮನಿಯಾಕೀದು, ಕೆಲಸ ನಂದು. ಆಕಿಗೆಲ್ಲೆ ತಿಳೀತೈತ್ರಿ ಇವೆಲ್ಲ?"

ನಾನು ತೊದಲುತ್ತ ಪುಸ್ತಕದ ವಿಷಯ ಹೇಳಿದೆ. ಅವರು ಮೇಜು ಗುದ್ದಿದರು. "ಭಾಳ ಚೊಲೊ ವಿಷಯ! ಹೆಣ್ಮಕ್ಕಳು ಮುಂದ ಬರಬೇಕು ಮೇಡಂ. ಅವರು ಮುಂದ ಬರಲಾರದ ದೇಶ ಮುಂದ ಬರಂಗಿಲ್ಲ." ಅಷ್ಟರಲ್ಲಿ ಒಳಗಿನ ಬಾಗಿಲಲ್ಲಿ ಚಹಾದ ತಾಟು ಕಾಣಿಸಿತು. ಅವರು ಗಕ್ಕನೆ ತಿರುಗಿ, "ಏ, ಮುಂದ ಬರಬ್ಯಾಡ, ಮಂದಿ ಕುಂತಾರ. ಅಲ್ಲೇ ಇಟ್ಟು ಹೋಗು!" ಎಂದರು.

ತಾಟು ಹೊಸ್ತಿಲ ಮೇಲೆ ಇಳಿಯಿತು. ಬಳೆ ತೊಟ್ಟ ಒಂದು ಕೈ ಮಾತ್ರ ಕಂಡಿತು. ಅಂಗೈ ತುಂಬ ಜೋಳದ ಹಿಟ್ಟು.

ಆಗ ಒಬ್ಬ ರೈತ ಕಾಗದ ಹಿಡಿದು ಬಂದ. ಮೀಸೆಯವರು ಅದನ್ನು ಓದಿ, ತಲೆಯಾಡಿಸಿ, ಅದೇ ಹೊಸ್ತಿಲ ಮೇಲಿಟ್ಟರು. ಹಿಟ್ಟಿನ ಕೈ ಬಂತು, ಕಾಗದ ಒಳಗೆ ಹೋಯಿತು, ಸಹಿಯಾಗಿ ಹೊರಗೆ ಬಂತು. ಸಹಿಯ ಪಕ್ಕದಲ್ಲಿ ಹಿಟ್ಟಿನ ಹೆಬ್ಬೆಟ್ಟು. ರೈತ ಅದನ್ನು ಊದಿ, ಬೆಳಕಿಗೆ ಹಿಡಿದು ನೋಡಿ ಕೇಳಿದ:

"ಸಾವ್ಕಾರ, ಅಧ್ಯಕ್ಷರ ಸಹಿ ಎಲ್ರಿ? ಇದರಾಗ ಬರೇ ಅಧ್ಯಕ್ಷರ ಹೆಂಡ್ತೀದ ಐತಲ್ರಿ?"

ಮನೆಮಂದಿಗೆಲ್ಲ ಓಟು ಕೊಟ್ಟವರು

ಮುದ್ದೇಬಿಹಾಳದ ಬಸ್ಸು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದಂದಿನಿಂದ ಸೀಟಿನ ತುಂಬ ಸೆರಗು, ನಡುದಾರಿಯ ತುಂಬ ಸಿಟ್ಟಿಗೆದ್ದ ಗಂಡಸರು. ಅಂಥ ಒಬ್ಬರು ನನ್ನ ತಲೆಯ ಮೇಲಿನ ಕಂಬಿಗೆ ಜೋತು ಬಿದ್ದು ನನ್ನ ತೊಡೆಯ ಮೇಲಿನ ಪುಸ್ತಕ ನೋಡಿದರು. ಅದೇ ಪುಸ್ತಕದ ಇನ್ನೊಂದು ಪ್ರತಿ.

"ಏನವಾ ತಂಗಿ ಅದು, ಪೊಲೀಸರ ಚಿತ್ರ?"

"ಹೆಣ್ಮಕ್ಕಳು ಓಟಿಗಾಗಿ ಹೋರಾಡಿದ್ದು ಕಾಕಾ."

"ಓಟಿಗೆ ಹೋರಾಟ ಯಾಕ ಬೇಕು?" ಅವರಿಗೆ ನಿಜವಾಗಿಯೂ ಬೇಸರವಾಯಿತು. "ನಮ್ಮನ್ಯಾಗ ಯಾರರ ಹೋರಾಡ್ಯಾರೇನು? ನಾನಾಗೇ ಕೊಟ್ಟೇನಿ. ಅವ್ವಗ ಕೊಟ್ಟೇನಿ, ಹೆಂಡ್ತಿಗೆ ಕೊಟ್ಟೇನಿ, ಸೊಸಿಗೂ ಕೊಟ್ಟೇನಿ. ಯಾರಿಗೆ ಹಾಕಬೇಕಂತ ಹಿಂದಿನ ದಿನಾನ ಹೇಳಿಬಿಡ್ತೇನಿ. ಪಾಪ, ಅವರು ತಲಿ ಕೆಡಿಸ್ಕೋಬಾರದು ನೋಡು."

ಇಂಥ ಉದಾರಿಗಳು ಇರುವುದರಿಂದಲೇ ಪ್ರಜಾಪ್ರಭುತ್ವ ಇಷ್ಟು ಸಲೀಸಾಗಿ ಸಾಗಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಪಕ್ಕದಲ್ಲಿ ಪುಂಡಿಪಲ್ಯದ ಗಂಟು ಇಟ್ಟುಕೊಂಡು ಕುಳಿತಿದ್ದ ಮುದುಕಿ ಮನಸ್ಸಿನಲ್ಲಿ ಅಂದುಕೊಳ್ಳುವ ಪೈಕಿ ಅಲ್ಲ.

"ನಮ್ಮನ್ಯಾಗೂ ಹಂಗ ಹೇಳ್ತಾರಪ್ಪಾ. ನಾವೂ ಹೂಂ ಅಂತೇವಿ."

"ಮತ್ತ! ಹಂಗ ಇರಬೇಕು ಮನಿ ಅಂದ್ರ."

"ಒಳಗ ಹೋದಮ್ಯಾಲ ಮಷೀನಿಗೆ ಸುತ್ತ ರಟ್ಟು ಕಟ್ಟಿರ್ತಾರಲ್ಲ? ಅದರ ಹಿಂದ ನಿನ್ನ ಹೆಂಡ್ತಿ ಯಾವ ಗುಂಡಿ ಒತ್ತ್ಯಾಳಂತ ನೀ ಬಗ್ಗಿ ನೋಡೀಯೇನು?"

ಸುತ್ತಲಿನ ಸೀಟುಗಳಲ್ಲಿ ಸೆರಗುಗಳು ಬಾಯಿಗೆ ಹೋದವು. ಕಾಕಾ ಇಳಿಯುವ ಊರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, ಯಾರಿಗೂ ಅಲ್ಲದಂತೆ ಅಂದರು:

"ಅದಕ್ಕ ಹೋದ ಸಲ ನಾ ಹೇಳಿದಾಂವ ನಮ್ಮ ಓಣ್ಯಾಗನ ಸೋತಾ ಹಂಗಾರ!"

ಬಾಗೇವಾಡಿಯ ಭಾಷಣ

ಬಸವನ ಬಾಗೇವಾಡಿಯಲ್ಲಿ ಮಕ್ಕಳ ಭಾಷಣ ಸ್ಪರ್ಧೆ. ವಿಷಯ, ನಮ್ಮ ಪುಸ್ತಕಗಳದ್ದೇ: ಹೆಣ್ಣುಮಕ್ಕಳ ಹಕ್ಕುಗಳು. ಗೆದ್ದವರಿಗೆ ಪುಸ್ತಕ ಕೊಡಲು ನಾನು ಹೋಗಿದ್ದೆ. ತೀರ್ಪುಗಾರರಲ್ಲಿ ಒಬ್ಬರು ಕಡಿಮೆ ಬಿದ್ದರು ಎಂದು ನನ್ನನ್ನೂ ಆ ಸಾಲಿನಲ್ಲಿ ಕೂರಿಸಿದರು. "ಇಂಗ್ಲಿಷ್ ಮೀಡಿಯಂ ಕಲ್ತಾರಂತ, ಕುಂದರಿಸ್ರಿ" ಎಂಬುದು ನನ್ನ ಅರ್ಹತೆ.

ಮಕ್ಕಳ ಭಾಷಣಗಳನ್ನು ಬರೆದವರು ಅಪ್ಪಂದಿರು ಎಂಬುದು ಮೊದಲ ವಾಕ್ಯಕ್ಕೇ ತಿಳಿಯುತ್ತಿತ್ತು. ಎರಡನೇ ಇಯತ್ತೆಯ ಕೂಸು ಎಲ್ಲಾದರೂ "ಪುರುಷಪ್ರಧಾನ ವ್ಯವಸ್ಥೆಯ ಕಬಂಧಬಾಹು" ಅನ್ನುತ್ತದೆಯೇ? ಅಂದಿತು. ಎರಡು ಸಲ ಅಂದಿತು. ವೇದಿಕೆಯ ಕೆಳಗೆ ಅದರ ಅಪ್ಪ ತುಟಿ ಆಡಿಸುತ್ತ ನಿಂತಿದ್ದರು. ಅಮ್ಮ ಹಿಂದೆ, ನೀರಿನ ಬಾಟಲಿ ಹಿಡಿದು.

ಕೂಸು ನಡುವೆ ತಡವರಿಸಿತು. "ಆದ್ದರಿಂದ ಸ್ತ್ರೀಯು ಇನ್ನು ಮುಂದೆ... ಇನ್ನು ಮುಂದೆ..." ಅಪ್ಪನಿಗೂ ಮುಂದಿನ ಸಾಲು ನೆನಪಾಗಲಿಲ್ಲ. ದಿನಾ ಸಂಜೆ ಕೂಸಿಗೆ ಬಾಯಿಪಾಠ ಮಾಡಿಸಿದ ಅಮ್ಮನಿಗೆ ನೆನಪಿತ್ತು. ಹಿಂದಿನಿಂದ ಮೆಲ್ಲಗೆ, "ದನಿ ಎತ್ತಿ ಮಾತನಾಡಬೇಕು, ಚಿನ್ನೂ" ಎಂದಳು.

ಅಪ್ಪ ತಿರುಗಿ ಗದರಿದರು: "ನೀ ಬಾಯಿ ಮುಚ್ಕೊಂಡು ಕುಂದ್ರು!"

ಕೂಸಿಗೆ ಅಷ್ಟೇ ಸಾಕಾಯಿತು. ಕೈ ಎತ್ತಿ ಮೈಕಿಗೆ ಬಾಯಿ ಹಚ್ಚಿ ಮುಗಿಸಿತು: "ಆದ್ದರಿಂದ ಸ್ತ್ರೀಯು ಇನ್ನು ಮುಂದೆ ಬಾಯಿ ಮುಚ್ಕೊಂಡು ಕುಂದ್ರು! ಜೈ ಹಿಂದ್, ಜೈ ಕರ್ನಾಟಕ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉಳಿದ ತೀರ್ಪುಗಾರರು ಮೊದಲ ಬಹುಮಾನ ಕೊಟ್ಟುಬಿಟ್ಟರು. ಕಾರಣ ಕೇಳಿದ್ದಕ್ಕೆ ಒಬ್ಬರು ಹೇಳಿದರು, "ವಿಷಯದ ಮ್ಯಾಲ ಹಿಡಿತ ಐತ್ರಿ ಕೂಸಿಗೆ."

ಓಟು ಬಿದ್ದವರ ಬರಬೇಕು

ಬಾಗೇವಾಡಿಯಿಂದ ಬರುವಾಗಲೇ ಆಫೀಸಿನಿಂದ ಫೋನು: ಆ ಸಿಂದಗಿ ಕಡೆಯ ಸಾಲ್ಯಾಗ ಯಾರೂ ಓದಿಲ್ಲಂತ, ಶನಿವಾರ ಹೋಗಿ ಪೆಟ್ಟಿಗೆ ತಗೊಂಡು ಬಾ. ಆ ಹುಡುಗಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಒಂದೂ ಹೊಂದಲಿಲ್ಲ.

ಶನಿವಾರ ಹೋದರೆ ಸಾಲಿಯ ಅಂಗಳದಲ್ಲಿ ಶಾಮಿಯಾನ. ಮಕ್ಕಳ ಶಾಲಾ ಸಂಸತ್ತಿಗೆ ಚುನಾವಣೆ ಮುಗಿದು ಪ್ರಮಾಣವಚನ. ಪ್ರತಿ ವರ್ಷ ಹೆಡ್‌ಮಾಸ್ತರರೇ ಮಂತ್ರಿಗಳನ್ನು ಆರಿಸುತ್ತಿದ್ದರಂತೆ: ಗಂಡುಹುಡುಗ ಪ್ರಧಾನಿ, ಹುಡುಗಿ ಸ್ವಚ್ಛತಾ ಮಂತ್ರಿ, ಅಂದರೆ ಕಸಬರಿಗೆ. ಈ ಸಲ ಮೇಲಿನಿಂದ ಹುಕುಂ ಬಂದಿತ್ತು, ಓಟು ಹಾಕಿಸಲೇಬೇಕೆಂದು.

ನಮ್ಮ ಹುಡುಗಿ ಗ್ರಂಥಾಲಯ ಮಂತ್ರಿ ಸ್ಥಾನಕ್ಕೆ ನಿಂತಿದ್ದಳು. ಚಿಹ್ನೆ ಕೀಲಿಕೈ. ಎದುರಾಳಿ ಹುಡುಗ ಊಟಕ್ಕೆ ಇನ್ನೊಂದು ತತ್ತಿ ಕೊಡಿಸುವ ಆಶ್ವಾಸನೆ ಕೊಟ್ಟಿದ್ದ. ಇವಳ ಆಶ್ವಾಸನೆ ಒಂದೇ: "ಕಪಾಟ ತಗಿತೇನಿ." ತತ್ತಿ ಸೋತಿತ್ತು.

ಮುಖ್ಯ ಅತಿಥಿಯಾಗಿ ಮೀಸೆಯವರು ನಡುವಿನ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಕೈಯಿಂದಲೇ ಕಪಾಟಿನ ಕೀಲಿಕೈ ಕೊಡಿಸುವುದು ಎಂದಾಗಿತ್ತು. ಹೆಡ್‌ಮಾಸ್ತರರು ಹುಡುಗಿಯ ಹೆಸರು ಕೂಗಿದರು. ಎದ್ದು ಬಂದವನು ಆಕೆಯ ತಮ್ಮ, ಮೂಗು ಒರೆಸಿಕೊಳ್ಳುತ್ತ.

ಎಲ್ಲರಿಗಿಂತ ಜೋರಾಗಿ ನಕ್ಕವರು ಮೀಸೆಯವರೇ. "ಏ ಹುಚ್ಚಪ್ಪಾ, ಗೆದ್ದಾಕಿ ನಿಮ್ಮಕ್ಕ. ನೀ ಯಾಕ ಬಂದಿ?"

ಹುಡುಗ ಅಕ್ಕ ಕಲಿಸಿದ ಬಾಯಿಪಾಠ ಒಪ್ಪಿಸಿದ: "ಹೆಸರು ಆಕೀದ್ರಿ, ಕೆಲಸ ನಂದ್ರಿ. ಆಕಿ ಒಳಗ ಕುಂತು ಸಹಿ ಮಾಡ್ತಾಳ. ಕೀಲಿಕೈ ನನ್ನ ಕೈಯಾಗ ಕೊಡ್ರಿ."

"ಹಂಗ ಬರಂಗಿಲ್ಲೋ!" ಮೀಸೆಯವರು ಮೈಕು ತೆಗೆದುಕೊಂಡೇ ಬಿಟ್ಟರು. "ಓಟು ಯಾರಿಗೆ ಬಿದ್ದಾವ ಅವರ ಬರಬೇಕು. ಅವರ ಬದಲಿ ಮನಿಯವರು ಬಂದು ಕುಂದರಾಕ ಇದೇನು ಬೀಗರ ಊಟ ಅಂತ ತಿಳಿದೀಯೇನು? ಕಾಯ್ದೆ ಅಂದ್ರ ಕಾಯ್ದೆ!"

ಮಾತು ಸ್ಪೀಕರಿನಿಂದ ಹೊರಟು ಊರೆಲ್ಲ ಸುತ್ತಿ ಅವರ ಕಿವಿಗೇ ವಾಪಸು ಬಂತು. ಮೊದಲು ನಕ್ಕವರು ಬಿಸಿಯೂಟದ ಅಡಿಗೆಯವರು, ಸೌಟು ಹಿಡಿದುಕೊಂಡೇ.

ಆಗ ಹುಡುಗಿ ಎದ್ದು ನಿಂತಳು. "ಹಂಗಾರ ಅಧ್ಯಕ್ಷರನ್ನ ಕರಸ್ರಿ ಸರ್. ಅವರ ಕೈಲೆ ತಗೋತೇನಿ."

"ಇಲ್ಲೆ ಕುಂತಾರಲ್ಲವಾ!" ಹೆಡ್‌ಮಾಸ್ತರರು ಬೆವೆತರು.

"ಇವರಲ್ರಿ. ಓಟು ಬಿದ್ದವರು."

ಮೀಸೆಯವರೇ ಈಗಷ್ಟೇ ಮೈಕಿನಲ್ಲಿ ಹೇಳಿದ ಕಾಯ್ದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಡಿಗೆಯವರೊಬ್ಬರು ಯಾರ ಅಪ್ಪಣೆಗೂ ಕಾಯದೆ ಓಡಿಹೋಗಿ ಕರೆದುಕೊಂಡೇ ಬಂದರು. ಅಧ್ಯಕ್ಷೆ ತಲೆಯ ಮೇಲೆ ಸೆರಗು ಎಳೆದುಕೊಂಡು ವೇದಿಕೆ ಹತ್ತಿದಳು. ಆ ಕೈಗೆ ಮುಖವೂ ಇದೆ ಎಂದು ನಾನು ಅಂದೇ ನೋಡಿದ್ದು. ಅಧ್ಯಕ್ಷರ ಕುರ್ಚಿ ಇರುವುದು ಒಂದೇ. ಗಂಡ ಏಳಬೇಕೋ ಬೇಡವೋ ಎಂದು ಅರ್ಧ ಎದ್ದು ನಿಂತಿದ್ದರು.

"ನಾ ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೇನಿ," ಆಕೆ ಮೆಲ್ಲಗೆ ಹೇಳಿದಳು. ಮೈಕು ಚಾಲೂ ಇತ್ತು. "ಉಕ್ಕೀತು, ಸ್ವಲ್ಪ ಹೋಗಿ ನೋಡ್ರಿ."

ಅವರು ಹೋದರು. ಕೀಲಿಕೈ ಹುಡುಗಿಯ ಕೈಗೆ ಬಂತು. ಅರಿಶಿನ ಕುಂಕುಮ ಉದುರಿ ಕೀಲಿ ತೆರೆಯಿತು. ಮಕ್ಕಳು ನುಗ್ಗಿದರು. ನೋಡನೋಡುತ್ತ ಒಂದು ಪುಸ್ತಕದ ಕಿವಿ ಮಡಚಿತು, ಇನ್ನೊಂದಕ್ಕೆ ತತ್ತಿಯ ಹಳದಿ ಹತ್ತಿತು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ನಾನು ಆಫೀಸಿಗೆ ಫೋನು ಮಾಡಿ, ಪೆಟ್ಟಿಗೆ ತರಲು ಬರುವುದಿಲ್ಲ, ಖಾಲಿ ಇದೆ ಎಂದೆ. ಇಷ್ಟು ಜೋರಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ.

ಹುಡುಗಿ ಮೂಲೆಯಲ್ಲಿ ಕುಳಿತು, ನಿಲ್ಲಿಸಿದ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಅಧ್ಯಕ್ಷೆಯೂ ಕುರ್ಚಿ ಬಿಟ್ಟು ಬಂದು ಮಕ್ಕಳ ನಡುವೆ ಕುಳಿತಳು. ಕಥೆಯಲ್ಲಿ ಜೈಲಿನ ಬಾಗಿಲು ತೆರೆಯಿತು. ಆಕೆ ಹೊರಗೆ ಬಂದಳು. ಕೂದಲು ಬೆಳ್ಳಗಾದ ಮೇಲೆ ಒಂದು ದಿನ ಸಾಲಿನಲ್ಲಿ ನಿಂತು ಓಟು ಹಾಕಿದಳು. ಹುಡುಗಿ ಪುಸ್ತಕ ಮುಚ್ಚಿ ಉಸಿರು ಬಿಟ್ಟಳು.

ಅಧ್ಯಕ್ಷೆಗೆ ಮಾತ್ರ ಒಂದು ಸಂಶಯ ಉಳಿದಿತ್ತು. "ಜೈಲಿಗೆ ಆಕಿನ ಹೋಗಿದ್ಲೇನವಾ? ಆಕಿ ಬದಲಿ ಗಂಡ ಹೋಗಲಿಲ್ಲಾ?"

ಹುಡುಗಿ ಪುಟ ತಿರುವಿ ಮತ್ತೆ ನೋಡಿದಳು. "ಇಲ್ರಿ, ಆಕಿನ ಹೋಗ್ಯಾಳ."

ಅಧ್ಯಕ್ಷೆ ಜೈಲಿನ ಚಿತ್ರವನ್ನು ಹತ್ತಿರ ಹಿಡಿದು ಮೂಲೆ ಮೂಲೆ ನೋಡಿ, ತಲೆಯಾಡಿಸಿದಳು.

"ಹೌದು ಬಿಡು. ಅಲ್ಲಿ ಕುರ್ಚಿ ಇಲ್ಲ."