ಹದಿನೆಂಟು ಕಡೆ ಅತ್ತೆ

ಸೀಮೆಎಣ್ಣೆಯಲ್ಲಿ ತೊಳೆದ ಅಚ್ಚುಮೊಳೆಗಳ ವಾಸನೆ ಎಂದರೆ ಕರಡಣ್ಣನಿಗೆ ಅಪ್ಪನ ಅಂಗಿಯ ವಾಸನೆ. ಚಿಕ್ಕಂದಿನಲ್ಲಿ ಆ ಅಂಗಿಗೆ ಮೂಗು ತೂರಿಸಿ ಮಲಗುತ್ತಿದ್ದವನು ದೊಡ್ಡವನಾಗಿ ಅಚ್ಚುಕೂಟವನ್ನೇ ಸೇರಿದ. ಕರಡು ತಿದ್ದುವ ಕೆಲಸವಾದ್ದರಿಂದ ಆ ಹೆಸರು. ಸಿಟ್ಟು ಬಂದಾಗ ಮಾತ್ರ ಯಜಮಾನರು ಕರಡಿಯಣ್ಣ ಎನ್ನುತ್ತಿದ್ದರು.

ಕಾಗದದ ಕಾಲದಲ್ಲಿ ಮತ್ತೆ ನೋಡಬೇಕಾದ ಪುಟಕ್ಕೆಲ್ಲ ಚೀಟಿ ಸಿಕ್ಕಿಸುತ್ತಿದ್ದ. ಕಂಪ್ಯೂಟರಿನಲ್ಲಿ ಚೀಟಿ ಸಿಕ್ಕಿಸಲು ಸಂದಿಯೇ ಇಲ್ಲ. ಇನ್ನೂರನೇ ಪುಟದಿಂದ ಹತ್ತನೇ ಪುಟಕ್ಕೆ ಹೋಗಬೇಕೆಂದರೆ, ನೆಂಟರ ಮನೆ ಹುಡುಕುತ್ತಾ ದಾರಿಯ ಬಾಗಿಲುಗಳನ್ನೆಲ್ಲ ತಟ್ಟುವವನಂತೆ, ಮೌಸಿನ ಗಾಲಿ ಉರುಳಿಸುತ್ತಾ ಒಂದೊಂದು ಪುಟದ ಮುಂದೆಯೂ ನಿಂತು ಹೋಗುತ್ತಿದ್ದ.

ಅವತ್ತು ಕೈಯಲ್ಲಿದ್ದದ್ದು ನಿವೃತ್ತ ನರ್ಸಮ್ಮನ ಆತ್ಮಕತೆ. ಎರಡು ವರ್ಷ ಒಂದೇ ಬೆರಳಲ್ಲಿ ತಾವೇ ಟೈಪು ಮಾಡಿ ತಂದಿದ್ದರು. "ನಾಳೆ ಬೆಳಗ್ಗೆ ಒಬ್ಬರ ಕೈಲಿ ಇಡಬೇಕಪ್ಪಾ. ಅವರಿಗೆ ಕಾಯೋಕೆ ಟೈಮಿಲ್ಲ" ಎಂದಷ್ಟೇ ಹೇಳಿದ್ದರು. ಮಧ್ಯಾಹ್ನ ಮೂರಕ್ಕೆ ಅದು ಮೆಷಿನ್ನಿಗೆ ಹೋಗಲೇಬೇಕಿತ್ತು.

ಅವನ ಪರದಾಟ ನೋಡಲಾರದೆ ಪಕ್ಕದ ಮೇಜಿನ ಟೈಪಿಸ್ಟು ಎದ್ದು ಬಂದಳು. ಪುಸ್ತಕದಲ್ಲಿ ಎಲ್ಲೂ ಬರದ ಒಂದು ಪದವನ್ನು ಆರಿಸಿ, ಮತ್ತೆ ನೋಡಬೇಕಾದ ಕಡೆಯೆಲ್ಲ ಬರೆದಿಡಿ, 'ಹುಡುಕು' ಒತ್ತಿದರೆ ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗಬಹುದು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಅಳಿಸಿದರಾಯಿತು ಎಂದು ತಾಳ್ಮೆಯಿಂದ ಎರಡು ಸಲ ಹೇಳಿಕೊಟ್ಟಳು.

ಯಾವ ಪದ ಎಂದು ಇಡೀ ಅಚ್ಚುಕೂಟ ಚರ್ಚೆಗಿಳಿಯಿತು. 'ಕತ್ತೆ' ಬೇಡ, ಆಸ್ಪತ್ರೆಯ ಕತೆ, ಡಾಕ್ಟರು ಯಾರನ್ನಾದರೂ ಬೈದಿರಬಹುದು ಎಂದ ಬೈಂಡರು. ಸ್ವಲ್ಪ ಹೊತ್ತಿಗೆ ಅವನಿಗೇ ಹೊಳೆಯಿತು. "ನರ್ಸಮ್ಮ ಮದುವೇನೇ ಆಗಿಲ್ವಲ್ಲ. 'ಅತ್ತೆ' ಅಂತ ಇಡಿ. ಆ ಪುಸ್ತಕಕ್ಕೆ ಅತ್ತೆ ಎಲ್ಲಿಂದ ಬರಬೇಕು?"

ಎಲ್ಲರೂ ತಲೆದೂಗಿದರು. ಕರಡಣ್ಣ ಹನ್ನೊಂದು ಕಡೆ ಅತ್ತೆಯನ್ನು ಕೂರಿಸಿ 'ಹುಡುಕು' ಒತ್ತಿದ. ನರ್ಸಮ್ಮನ ಮೊದಲ ಸಂಬಳದಿಂದ ನಿವೃತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ತಲುಪಿದ. ಮುದಿ ಮೊಲಕ್ಕೆ ಹೊಸ ಕಾಲು ಬಂದ ಹಾಗಾಯಿತು. ನಡುನಡುವೆ ಏನೂ ತಪ್ಪಿಲ್ಲದ ಸಾಲುಗಳಿಗೂ ನೆಗೆದು, ಇಲ್ಲಿ ಯಾಕೆ ಗುರುತಿಟ್ಟೆ ಎಂದು ತಬ್ಬಿಬ್ಬಾದ. ವಯಸ್ಸಾಯಿತು, ಮರೆವು ಎಂದುಕೊಂಡು ಮುಂದೆ ಹಾರಿದ.

ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಯಿತು. ಅತ್ತೆಯರನ್ನು ಒಟ್ಟಿಗೆ ಅಳಿಸಿ, ಕಡತವನ್ನು ಉಳಿಸಿ, ಮುಚ್ಚಿ, ಮೈಮುರಿದ. ಎಷ್ಟು ಕಡೆ ಅಳಿಸಿತು ಎಂದು ಟೈಪಿಸ್ಟು ಕೇಳಿದಳು.

"ಹದಿನೆಂಟು ಅಂತು."

"ನೀವು ಇಟ್ಟಿದ್ದು?"

ಕರಡಣ್ಣನ ಮೈಮುರಿತ ಅರ್ಧಕ್ಕೇ ನಿಂತಿತು. ಮುಚ್ಚಿಯಾದ ಮೇಲೆ ಹಿಂದಕ್ಕೆ ತರಲಾಗದು ಎಂದು ಅವಳು ಮೆಲ್ಲಗೆ ಹೇಳಿದಳು. ಬೈಂಡರು ಗದ್ದ ತುರಿಸಿಕೊಂಡು, "ಅತ್ತೆ ಅಂದ್ರೆ 'ನಾನು ಅತ್ತೆ' ಅಂತಾನೂ ಆಗುತ್ತಲ್ಲ ಕರಡಣ್ಣ. ಆಯಮ್ಮ ಏಳು ಸಲ ಅತ್ತಿದ್ದಾರೆ. ನೀವು ಅಳಿಸಿಬಿಟ್ರಿ. ಈಗ ನೀವೇ ಕೂತು ಅಳಿಸಬೇಕು" ಎಂದ.

ನರ್ಸಮ್ಮನ ಮನೆಯಲ್ಲಿ ಇನ್ನೊಂದು ಪ್ರತಿ ಇತ್ತು. ಒಂದು ಫೋನು ಮಾಡಿದ್ದರೆ ಸಾಕಿತ್ತು. ಟೈಪಿಸ್ಟು ನಂಬರನ್ನೂ ಬರೆದುಕೊಟ್ಟಳು. ಆದರೆ ಮೂವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದವನಿಗೆ ತನ್ನ ತಪ್ಪು ಹೇಳಿ ಅಭ್ಯಾಸವಿರಲಿಲ್ಲ. ಚೀಟಿ ಜೇಬಿಗೆ ಹೋಯಿತು.

ಇಲ್ಲದ ಪದವನ್ನು ಹುಡುಕು ಎಂದರೆ ಕಂಪ್ಯೂಟರಾದರೂ ಎಲ್ಲಿಗೆ ನೆಗೆದೀತು? ಅವನು ಊಟಕ್ಕೂ ಏಳದೆ ಓದತೊಡಗಿದ. ಇಷ್ಟು ದಿನ ಅಕ್ಷರ ನೋಡಿದ್ದ, ಪುಸ್ತಕ ಓದಿರಲಿಲ್ಲ. 'ಜ್ವರ ಬಂದಾಗ ಪಕ್ಕ ಬಿಟ್ಟು ಏಳಲಿಲ್ಲ.' 'ನಾನು ನಪಾಸಾಗಿ ಬಂದ ದಿನ ಏನೂ ಕೇಳದೆ ಊಟದ ತಟ್ಟೆ ಮುಂದಿಟ್ಟಳು.' ಎಂಥ ತಾಯಿ ಎಂದುಕೊಂಡು ಕಣ್ಣೊರೆಸಿಕೊಂಡ. ಇಲ್ಲಿ ಅಳದೆ ಇನ್ನೆಲ್ಲಿ ಅತ್ತಾರು? 'ಗೋಡೆಗೆ ಒರಗಿ ಅತ್ತೆ' ಎಂದು ಸೇರಿಸಿದ. ಮೊದಲ ರೋಗಿ ತೀರಿಕೊಂಡಾಗ ಒಂದು ಅತ್ತೆ. ಗೆಳತಿ ಊರು ಬಿಟ್ಟಾಗ ಒಂದು. ಬೀಳ್ಕೊಡುಗೆಯ ದಿನ ಬಿಕ್ಕಿ ಬಿಕ್ಕಿ. ಎರಡೂ ಮುಕ್ಕಾಲಿಗೆ ಏಳೂ ಮುಗಿದವು. ಮೂರಕ್ಕೆ ಮೆಷಿನ್ನು ಸದ್ದು ಮಾಡಿತು.

ಕತ್ತಲಾಗುವ ಹೊತ್ತಿಗೆ ನರ್ಸಮ್ಮ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಬಿಸಿ ಆರದ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಓದಿದರು. ಒಂದು ಕಡೆ ಬೆರಳು ನಿಂತಿತು.

"ನಾನಿಲ್ಲಿ ಅಳಲಿಲ್ವಲ್ಲ. ಇಡೀ ಪುಸ್ತಕದಲ್ಲಿ ನಾನು ಎಲ್ಲೂ ಅತ್ತಿಲ್ಲ. ಅತ್ತೆ ಅಳೋಕೆ ಬಿಟ್ಟಿದ್ರೆ ತಾನೆ?"

"ಯಾವ ಅತ್ತೆ?" ಎಂದ ಕರಡಣ್ಣ.

"ನಮ್ಮಪ್ಪನ ತಂಗಿ. ನನ್ನ ಸಾಕಿದೋಳು. ಏಳು ಅಧ್ಯಾಯದಲ್ಲೂ ಒಂದೊಂದು ಸಲ ಅತ್ತೆ ಅಂದು, ಆಮೇಲೆ ಬರೀ ಅವಳು ಅಂತ ಬರೆದಿದ್ದೆ. ನಾಳೆ ಅವಳ ಕೈಲೇ ಇಡಬೇಕಾಗಿರೋದು." ಹಾಳೆ ಹಿಂದೆ ಮುಂದೆ ತಿರುವಿದರು. "ಎಲ್ಲಿ ಅವಳು?"

ಕರಡಣ್ಣ ಆಗ ಎಲ್ಲವನ್ನೂ ಹೇಳಿದ. ಹಿಂದಿನ ಕೋಣೆಯಲ್ಲಿ ಮೆಷಿನ್ನು ನೂರನೆಯ ಪ್ರತಿಯ ಕೊನೆಯ ಹಾಳೆಯನ್ನು ಹೊರಹಾಕಿ ಸುಮ್ಮನಾಯಿತು.

"ಹೋಗಲಿ ಬಿಡಿ," ಎಂದರು ನರ್ಸಮ್ಮ ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ. "ಅವಳು ಯಾವತ್ತೂ ಮುಂದೆ ಬಂದು ನಿಂತೋಳಲ್ಲ."

ನರ್ಸಮ್ಮ ನಿಜವಾಗಿ ಅತ್ತದ್ದು ಆಗ. ಅದು ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಅವನ ಒಣಗಿದ ತುಟಿಯನ್ನೊಮ್ಮೆ ನೋಡಿ, ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಏನೂ ಕೇಳದೆ ಅವನ ಮುಂದಿಟ್ಟರು.