ಶಿವಶಂಕರನ ಸೀಸೆ

ಶಿವಶಂಕರ್ ಅವತ್ತು ಉಪ್ಪಿಟ್ಟಿನ ಆಸೆಗೆ ಮನೆಗೆ ಬರದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅವನು ಶೇಷಾದ್ರಿಪುರದ ಒಂದು ಪ್ರಯೋಗಾಲಯದಲ್ಲಿ ಸಂಶೋಧಕ. ಹೃದಯಾಘಾತವಾದಾಗ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಪ್ರೋಟೀನ್ ಔಷಧಿ ಹಿಂದಿನಿಂದಲೂ ಇದೆ; ಆದರೆ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. ಅದನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಗಂಟೆಗಟ್ಟಲೆ ನಿಲ್ಲುವಂತೆ ಮಾಡಲು ಶಿವಶಂಕರ್ ನಾಲ್ಕು ವರ್ಷ ಒದ್ದಾಡಿದ್ದ. ಇಲಿಗಳಲ್ಲಿ ಗೆದ್ದ ಆ ಔಷಧಿ ಸದ್ಯಕ್ಕಿದ್ದದ್ದು ಒಂದೇ ಸೀಸೆ. ಅದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸವನಗುಡಿಯ ಪರೀಕ್ಷಾ ಕೇಂದ್ರಕ್ಕೆ ಹೊರಟವನು, ದಾರಿಯಲ್ಲೇ ಇದೆಯಲ್ಲ ಎಂದು ಚಾಮರಾಜಪೇಟೆಯ ಮನೆಗೆ ನುಗ್ಗಿದ.

ಎರಡನೇ ತುತ್ತಿಗೆ ಪಕ್ಕದ ಮನೆಯ ಚೂಡಾಮಣಿ ಕಿರುಚಿಕೊಂಡು ಬಂದರು. ಓಡಿ ಹೋಗಿ ನೋಡಿದರೆ ಅವರ ಯಜಮಾನರು, ನಿವೃತ್ತ ಮೇಷ್ಟ್ರು ಶೀನಣ್ಣ, ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದಿದ್ದರು. ಮುಖ ನೆನೆದ ಸುಣ್ಣದ ಗೋಡೆಯ ಹಾಗಿತ್ತು.

"ಶಿವೂ, ನೀನು ದಿನಾ ಹೇಳ್ತಿದ್ದ ಆ ಹೆಪ್ಪು ಕರಗಿಸೋ ಔಷಧಿ ನಿನ್ ಮೇಜಿನ ಮೇಲೇ ಇದ್ಯಲ್ಲೋ! ಇವ್ರಿಗೆ ಕೊಡೋ!"

"ಅಮ್ಮಾ, ಅದಿನ್ನೂ ಮನುಷ್ಯರಿಗೆ ಕೊಡೋ ಹಾಗಿಲ್ಲ. ಇರಿ, ಆಟೋ ತರ್ತೀನಿ."

ಆಟೋ ಹಿಡಿದು ಬರುವಷ್ಟರಲ್ಲಿ ಅವನ ಮೇಜಿನ ಮೇಲಿದ್ದ ಡಬ್ಬಿ ಅವರ ಜಗಲಿಗೆ ಬಂದಿತ್ತು. ಸೀಸೆ ಖಾಲಿ. ಚೂಡಾಮಣಿ ಸೆರಗಿನಿಂದ ಗಂಡನ ಬಾಯಿ ಒರೆಸುತ್ತಿದ್ದರು.

"ಒಂದು ಹನೀನೂ ಚೆಲ್ಲಲಿಲ್ಲ ಕಣಪ್ಪ, ಎಲ್ಲಾ ಕುಡಿಸ್ಬಿಟ್ಟೆ."

"ಅದು ಇಂಜೆಕ್ಷನ್ ಅಮ್ಮಾ! ಕುಡಿದ್ರೆ ಬೇಳೆ ಸಾರಿನ ಹಾಗೆ ಅರಗಿ ಹೋಗತ್ತೆ!"

ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಆರಾಧನಾ ಇ.ಸಿ.ಜಿ. ನೋಡಿ ಸಿರಿಂಜ್ ಎತ್ತಿಕೊಂಡರು. "ಹೆಪ್ಪು ಕರಗಿಸೋ ಇಂಜೆಕ್ಷನ್ ಈಗ್ಲೇ ಕೊಡ್ಬೇಕು. ಬೇರೆ ಏನಾದ್ರೂ ಕೊಟ್ಟಿದೀರಾ?"

"ಇವನೇ ಕಂಡುಹಿಡಿದಿರೋ ಔಷಧಿ ಕೊಟ್ಟಿದೀವಿ," ಚೂಡಾಮಣಿ ಹೆಮ್ಮೆಯಿಂದ ಹೇಳಿದರು. "ಹೆಪ್ಪು ಕರಗಿಸತ್ತೆ. ಗಂಟೆಗಟ್ಲೆ ಇರತ್ತಂತೆ."

ಡಾಕ್ಟರ ಕೈ ನಿಂತಿತು. "ಅದರ ಮೇಲೆ ಇದೂ ಸೇರಿದ್ರೆ ಮೆದುಳಲ್ಲಿ ರಕ್ತಸ್ರಾವ ಆಗ್ಬಹುದು. ಕೊಡಕ್ಕಾಗಲ್ಲ."

"ಕೊಡಿ ಡಾಕ್ಟ್ರೇ, ಕುಡಿಸಿದಾರೆ ಅಷ್ಟೆ, ನಂದು ಏನೂ ಮಾಡಲ್ಲ!"

"ಹಾಗಂತ ಬರ್ಕೊಡಿ."

ಶೀನಣ್ಣನವರ ತುಟಿ ನೀಲಿಗೆ ತಿರುಗುತ್ತಿತ್ತು. ಶಿವಶಂಕರ್ ಗೀಚಿದ: 'ನಾನು ತಯಾರಿಸಿದ ಔಷಧಿಯಿಂದ ಯಾವ ಪರಿಣಾಮವೂ ಇಲ್ಲ.' ಕೆಳಗೆ ಹೆಸರು, ಪ್ರಯೋಗಾಲಯದ ವಿಳಾಸ, ಸಹಿ. 'ಕುಡಿದರೆ' ಎಂದು ಸೇರಿಸುವ ಮೊದಲೇ ನರ್ಸ್ ಕಾಗದ ಕಿತ್ತುಕೊಂಡಳು.

ಸೂಜಿ ಇಳಿಯಿತು. ಗಂಟೆಯೊಳಗೆ ಮೇಷ್ಟ್ರ ಮುಖಕ್ಕೆ ಬಣ್ಣ ಬಂತು. ಅವರು ಶಿವಶಂಕರನ ಕೈ ಹಿಡಿದರು. "ನಿನ್ ಔಷಧಿ ಉಳಿಸ್ತು ಕಣೋ."

"ಉಳಿಸಿದ್ದು ಡಾಕ್ಟ್ರ ಇಂಜೆಕ್ಷನ್, ಮೇಷ್ಟ್ರೇ."

"ನೋಡು, ಎಷ್ಟು ವಿನಯ!" ಎಂದ ಚೂಡಾಮಣಿ ಫೋನ್ ಹಿಡಿದು ಬೀದಿಗೆಲ್ಲ ಸುದ್ದಿ ಹೇಳತೊಡಗಿದರು.

ಇತ್ತ ಡಾಕ್ಟರು ವಿಚಾರಿಸಲು ಆ ಕಾಗದವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಸಂಜೆ ನಿರ್ದೇಶಕರ ಕರೆ ಬಂತು. "ಪರಿಣಾಮ ಇಲ್ಲ ಅಂತ ನೀವೇ ಸೈನ್ ಹಾಕಿದೀರ. ಇದ್ದ ಒಂದು ಸೀಸೇನೂ ಮನುಷ್ಯರಿಗೆ ಕೊಟ್ಟಿದೀರ. ನಾಳೆಯಿಂದ ಬರ್ಬೇಡಿ."

ಕಾಲೆಳೆದುಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ತರಕಾರಿ ವ್ಯಾಪಾರದ ಬಚ್ಚಪ್ಪ ಗೋಡೆಗೊರಗಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಮುತ್ಯಾಲಮ್ಮ, ಕೈಯಲ್ಲಿ ಸ್ಟೀಲ್ ಲೋಟ.

"ಎದೆನೋವು ಸ್ವಾಮಿ. ಆಸ್ಪತ್ರೆ ಬಾಗಿಲ ತನಕ ಹೋಗಿದ್ವಿ. ಚೂಡಮ್ಮೋರು ಫೋನಲ್ಲಿ ನಿಮ್ ವಿಷ್ಯ ಹೇಳಿದ್ರು ನೋಡಿ, ವಾಪಸ್ ಕರ್ಕೊಂಡ್ ಬಂದೆ. ಮಧ್ಯಾಹ್ನದಿಂದ ಕಾಯ್ತಿದೀವಿ. ಈಗ್ ತಾನೆ ನಿದ್ದೆ ಹತ್ತೈತೆ, ಎಬ್ಬಿಸ್ಲಾ?"

ಶಿವಶಂಕರ್ ಬಗ್ಗಿ ಬಚ್ಚಪ್ಪನ ಕೈ ಮುಟ್ಟಿದ. ಅದು ತಣ್ಣಗಾಗಿತ್ತು.